ಹೆಡ್‌ಲೈಟ್ ಕೆಳಗಿನ ಕಪ್ಪು ತೂತು

ಹತ್ತು-ಹದಿನೈದು ವರ್ಷ ಹಳೆಯ ಬಿಎಂಡಬ್ಲ್ಯೂ, ಆಡಿ, ಸ್ಕೋಡಾ ಕಾರುಗಳು ಎದುರಿಗೆ ಬಂದಾಗ ಅವುಗಳ ಮುಂದಿನ ಬಂಪರನ್ನು ಒಮ್ಮೆ ಗಮನಿಸಿ. ಕ್ಸೆನಾನ್ ಎಂಬ ಹೆಚ್ಚು ಬೆಳಕಿನ ದೀಪ ಇರುವ ಕಾರಾದರೆ ಹೆಡ್‌ಲೈಟಿನ ನೇರ ಕೆಳಗೆ ಬೆಂಕಿಪೊಟ್ಟಣದಷ್ಟು ಅಗಲದ, ಬಂಪರಿನದೇ ಬಣ್ಣದ ಪುಟ್ಟ ಮುಚ್ಚಳವೊಂದು ಎರಡೂ ಕಡೆ ಇರಬೇಕು. ಹೆಡ್‌ಲೈಟಿಗೆ ನೀರು ಹೊಡೆದು ತೊಳೆಯುವ ಪಿಚಕಾರಿ, ಅಂದರೆ ಹೆಡ್‌ಲೈಟ್ ವಾಷರ್, ಅದರ ಹಿಂದೆ ಅಡಗಿರುತ್ತದೆ. ಬಹಳಷ್ಟು ಕಾರುಗಳಲ್ಲಿ ಒಂದು ಕಡೆಯದು ಮಾತ್ರ ಉಳಿದಿರುತ್ತದೆ. ಇನ್ನೊಂದು ಕಡೆ ಬರೀ ಕಪ್ಪು ತೂತು. ಬಣ್ಣಕ್ಕೆ ಪಾಲಿಶ್ ಆಗಿರುತ್ತದೆ, ಟೈರು ಹೊಸದಾಗಿರುತ್ತದೆ, ಒಳಗೆ ಸೀಟು ಚೊಕ್ಕಟವಾಗಿರುತ್ತದೆ. ಮುಂದಿನ ಹಲ್ಲು ಬಿದ್ದವರ ನಗುವಿನ ಹಾಗೆ ಆ ತೂತು ಮಾತ್ರ ಎದ್ದು ಕಾಣುತ್ತದೆ.

ಇಂಥ ಕಾರಿನ ಮಾಲೀಕರು ಸಾಮಾನ್ಯವಾಗಿ ಮಾಡುವ ಕೆಲಸ ಒಂದೇ. ಮುಚ್ಚಳ ಹುಡುಕಿ ತರಿಸುತ್ತಾರೆ, ಬಣ್ಣ ಹೊಡೆಸುತ್ತಾರೆ, ಒತ್ತಿ ಕೂರಿಸುತ್ತಾರೆ. ಒಂದೆರಡು ಮಳೆ ಕಳೆಯುವುದರೊಳಗೆ ಅದೂ ದಾರಿಯಲ್ಲೆಲ್ಲೋ ಬಿದ್ದುಹೋಗಿರುತ್ತದೆ. ಎರಡನೇ ಸಲ ತರಿಸುವ ಉತ್ಸಾಹ ಯಾರಿಗೂ ಇರುವುದಿಲ್ಲ. ಕೆಲವರು ಎಂ-ಸೀಲ್ ಹಾಕಿ ಶಾಶ್ವತವಾಗಿ ಅಂಟಿಸಿಬಿಡುತ್ತಾರೆ. ಇಲ್ಲಿ ಆಗುತ್ತಿರುವ ತಪ್ಪು ಏನೆಂದರೆ, ಮುಚ್ಚಳ ಈ ವ್ಯವಸ್ಥೆಯ ಕಟ್ಟಕಡೆಯ ತುದಿ. ಟ್ಯಾಂಕಿನಿಂದ ಪಂಪು, ಪಂಪಿನಿಂದ ಪೈಪು, ಪೈಪಿನಿಂದ ಸಿಲಿಂಡರು (ಬಂಪರಿನಿಂದ ಹೊರಗೆ ಚಾಚಿ ನೀರು ಹೊಡೆಯುವ ಕೊಳವೆ), ಸಿಲಿಂಡರಿನ ತಲೆಯ ಮೇಲೆ ಮುಚ್ಚಳ. ಬಂಪರಿಗೆ ಏಟು ಬಿದ್ದು ಮುರಿದದ್ದನ್ನು ಬಿಟ್ಟರೆ, ಮುಚ್ಚಳ ಸುಮ್ಮನೆ ಬೀಳುವುದಿಲ್ಲ. ಹಿಂದೆ ಏನೋ ಕೆಟ್ಟಿರುತ್ತದೆ, ಅದು ಮುಚ್ಚಳವನ್ನು ಬೀಳಿಸುತ್ತದೆ. ಆದ್ದರಿಂದ ದುರಸ್ತಿ ಟ್ಯಾಂಕಿನ ಕಡೆಯಿಂದ ಶುರುವಾಗಬೇಕು, ಮುಚ್ಚಳ ಕೊನೆಗೆ ಬರಬೇಕು.

ದೀಪಕ್ಕೆ ನೀರು ಯಾಕೆ

ಹೆಡ್‌ಲೈಟ್ ಒರೆಸುವ ಏರ್ಪಾಟು ಹುಟ್ಟಿದ್ದು ಹಿಮದ ನಾಡಿನಲ್ಲಿ. ಸ್ವೀಡನ್ನಿನ ಸಾಬ್ ಕಂಪನಿ 1970ರಲ್ಲಿ ದೀಪಗಳಿಗೇ ಪುಟ್ಟ ವೈಪರ್ ಕೊಟ್ಟಿತು. ವೋಲ್ವೊ 240 ನೋಡಿದವರಿಗೆ ಆ ಗೇಣುದ್ದದ ವೈಪರ್ ನೆನಪಿರುತ್ತದೆ. ಆಗ ದೀಪದ ಮುಖ ಗಾಜಿನದಾಗಿತ್ತು, ವೈಪರ್ ಉಜ್ಜಿದರೂ ತಡೆಯುತ್ತಿತ್ತು. ಆಮೇಲೆ ಗಾಜಿನ ಜಾಗಕ್ಕೆ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ಬಂತು. ಅದರ ಮೇಲೆ ಮಣ್ಣಿದ್ದಾಗ ವೈಪರ್ ಎಳೆದರೆ ಗೀರು ಬೀಳುತ್ತದೆ. ಹಾಗಾಗಿ ಮುಟ್ಟದೆ ತೊಳೆಯುವ ದಾರಿ ಬೇಕಾಯಿತು: ಬಂಪರಿನಿಂದ ಹೊರಗೆ ಚಾಚಿ, ಜೋರಾಗಿ ನೀರು ಹೊಡೆದು, ಮತ್ತೆ ಒಳಗೆ ಹೋಗುವ ಪಿಚಕಾರಿ.

1991ರಲ್ಲಿ ಬಿಎಂಡಬ್ಲ್ಯೂ 7 ಸೀರೀಸ್ ಕಾರಿನಲ್ಲಿ ಕ್ಸೆನಾನ್ ದೀಪ ಬಂದ ಮೇಲೆ ಈ ಪಿಚಕಾರಿ ಇನ್ನಷ್ಟು ಮುಖ್ಯವಾಯಿತು. ಎಚ್7 ಹ್ಯಾಲೊಜೆನ್ ಬಲ್ಬು 55 ವ್ಯಾಟ್ ತಿಂದು ಸುಮಾರು 1500 ಲ್ಯೂಮೆನ್ ಬೆಳಕು ಕೊಟ್ಟರೆ, ಡಿ2ಎಸ್ ಕ್ಸೆನಾನ್ 35 ವ್ಯಾಟ್‌ನಲ್ಲಿ 3200 ಲ್ಯೂಮೆನ್ ಕೊಡುತ್ತದೆ. ಬೆಳಕು ಹೆಚ್ಚಿದಷ್ಟೂ ದೀಪದ ಮುಖದ ಮೇಲಿನ ಕೆಸರಿನಿಂದ ಚದುರುವ ಬೆಳಕೂ ಹೆಚ್ಚು. ಕೆಳಗೆ ರಸ್ತೆಗೆ ಬೀಳಬೇಕಾದದ್ದು ಮೇಲೆ ಎದುರು ಬರುವವರ ಕಣ್ಣಿಗೆ ಬೀಳುತ್ತದೆ. ಅದಕ್ಕೇ ವಿಶ್ವಸಂಸ್ಥೆಯ ಇಸಿಇ 48ನೇ ನಿಯಮ, ಡಿಪ್ ದೀಪದ ಬಲ್ಬು 2000 ಲ್ಯೂಮೆನ್ ದಾಟಿದರೆ ತೊಳೆಯುವ ಸಾಧನ ಇರಲೇಬೇಕು ಎನ್ನುತ್ತದೆ. ತೊಳೆದ ಮೇಲೆ ಬೆಳಕು ಕನಿಷ್ಠ 70% ಮರಳಬೇಕು ಎನ್ನುವುದು 45ನೇ ನಿಯಮ. ಬ್ರಿಟನ್ನಿನಲ್ಲಿರುವ ಕನ್ನಡಿಗರು ಇಂಥ ಹಳೆಯ ಕಾರು ಇಟ್ಟುಕೊಂಡಿದ್ದರೆ, ವರ್ಷಕ್ಕೊಮ್ಮೆ ನಡೆಯುವ ಎಂಒಟಿ ತಪಾಸಣೆಯಲ್ಲಿ ಇದನ್ನೂ ನೋಡುತ್ತಾರೆ ಎಂಬುದು ನೆನಪಿರಲಿ. ಮುಂದೆ 25 ವ್ಯಾಟ್ ಕ್ಸೆನಾನ್, ಎಲ್‌ಇಡಿ ಬಂದವು. ಬೆಳಕು ಆ ಮಿತಿಯೊಳಗೇ ಉಳಿಯುವಂತೆ ಮಾಡಿ ಹಲವು ಕಂಪನಿಗಳು ಪಿಚಕಾರಿಯನ್ನೇ ಕೈಬಿಟ್ಟವು.

ನಮ್ಮಲ್ಲಿ ಹಿಮ ಬೀಳುವುದಿಲ್ಲ, ಇದು ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಆಷಾಢದಲ್ಲಿ ಶಿರಾಡಿ ಘಾಟಿಯಲ್ಲಿ ರಾತ್ರಿ ಹೊತ್ತು ಲಾರಿಯೊಂದರ ಹಿಂದೆ ಹತ್ತು ಕಿಲೋಮೀಟರ್ ಹೋಗಿ ಕಾರು ನಿಲ್ಲಿಸಿ ದೀಪದ ಮೇಲೆ ಬೆರಳಾಡಿಸಿದರೆ ಉತ್ತರ ಸಿಗುತ್ತದೆ. ಕೆಂಪು ಕೆಸರಿನ ತೆಳು ಪದರ ಇಡೀ ಮುಖವನ್ನು ಮುಚ್ಚಿರುತ್ತದೆ. ಹ್ಯಾಲೊಜೆನ್ ದೀಪದ ಮುಖ ಬಿಸಿಯಾಗಿರುತ್ತದೆ. ಕ್ಸೆನಾನ್ ದೀಪದ ಮುಖ ಅಷ್ಟು ಬಿಸಿಯಾಗುವುದಿಲ್ಲ, ಹಾಗಾಗಿ ಮಂಜು, ತೇವ ಎಲ್ಲ ಅಲ್ಲೇ ಕೂರುತ್ತವೆ. ಹಸಿ ಕೆಸರನ್ನು ಈ ಪಿಚಕಾರಿ ಚೆನ್ನಾಗಿ ತೆಗೆಯುತ್ತದೆ. ಗದ್ದೆ ಬಯಲಿನ ರಸ್ತೆಯಲ್ಲಿ ಬಡಿದು ಒಣಗಿದ ಹುಳುಗಳನ್ನು ಮಾತ್ರ ತೆಗೆಯಲಾರದು. ಅದಕ್ಕೆ ಒದ್ದೆ ಬಟ್ಟೆಯೇ ಬೇಕು.

ದುಡ್ಡು ಕೊಡುವ ಮೊದಲು ಟಾರ್ಚ್ ಹಿಡಿಯಿರಿ

ತೂತಿನೊಳಗೆ ಬೆಳಕು ಬಿಟ್ಟು ನೋಡಿದರೆ ಏನು ಕಳೆದಿದೆ ಎಂಬುದು ಅರ್ಧ ಗೊತ್ತಾಗುತ್ತದೆ. ಒಳಗೆ ಎರಡು ಕಣ್ಣಿನ ಪ್ಲಾಸ್ಟಿಕ್ ತಲೆ ಕಂಡರೆ ನಾಜಲ್ (ನೀರು ಹಾರುವ ಮೂತಿ) ಇದೆ, ಮುಚ್ಚಳ ಮಾತ್ರ ಹೋಗಿದೆ. ತಲೆಯ ಅಕ್ಕಪಕ್ಕ ಮುಚ್ಚಳದ ಕೊಕ್ಕೆಯ ಚೂರು ಸಿಕ್ಕಿಕೊಂಡಿದೆಯೇ ನೋಡಿ. ಅದನ್ನು ತೆಗೆಯದೆ ಹೊಸ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ತಲೆಯೂ ಇಲ್ಲದೆ ಖಾಲಿ ಕೊಳವೆ ಮಾತ್ರ ಕಂಡರೆ ಮುಚ್ಚಳದ ಜೊತೆ ನಾಜಲೂ ಕಿತ್ತುಹೋಗಿದೆ, ಇಡೀ ಸಿಲಿಂಡರ್ ಬೇಕು. ಏನೂ ಕಾಣದೆ ಬರೀ ಕತ್ತಲಿದ್ದರೆ, ಯಾವಾಗಲೋ ಅಪಘಾತವಾಗಿ ಬಂಪರ್ ಬದಲಾಯಿಸಿದಾಗ ಸಿಲಿಂಡರನ್ನು ಮತ್ತೆ ಕೂರಿಸಿಲ್ಲ ಎಂದರ್ಥ. ಅಂಥ ಕಾರಿನಲ್ಲಿ ಪೈಪಿನ ತುದಿಗೆ ಬೋಲ್ಟ್ ತುರುಕಿ ಮೇಲೆ ತಂತಿ ಸುತ್ತಿರುವುದು ತೀರಾ ಸಾಮಾನ್ಯ. ಸೆಕೆಂಡ್‌ ಹ್ಯಾಂಡ್ ಕಾರು ಕೊಳ್ಳುವವರು ಮೊದಲು ನೋಡಬೇಕಾದ ಜಾಗಗಳಲ್ಲಿ ಇದೂ ಒಂದು. ಮಾರುವವರು ಮುಚ್ಚಿಡಲು ಮರೆಯುವ ಗುಟ್ಟು ಇಲ್ಲಿರುತ್ತದೆ.

ಆಮೇಲೆ ಓಡಿಸಿ ನೋಡಿ. ಟ್ಯಾಂಕ್ ತುಂಬಿಸಿ, ಇಗ್ನಿಷನ್ ಆನ್ ಮಾಡಿ, ಡಿಪ್ ದೀಪ ಹಾಕಿ, ಕಾರಿನ ಮುಂದಿನ ಗಾಜಿಗೆ ನೀರು ಹೊಡೆಯುವ ಲಿವರನ್ನು ಎರಡು-ಮೂರು ಸೆಕೆಂಡ್ ಎಳೆದು ಹಿಡಿಯಿರಿ. ಪಾರ್ಕಿಂಗ್ ಲೈಟ್ ಸಾಲದು. ಇಲ್ಲಿ ಹಲವರು ಎಡವುತ್ತಾರೆ: ಅನೇಕ ಕಾರುಗಳಲ್ಲಿ ಮೊದಲ ಸಲ ಲಿವರ್ ಎಳೆದಾಗ ದೀಪಕ್ಕೆ ನೀರು ಬರುತ್ತದೆ, ಆಮೇಲೆ ಪ್ರತಿ ಐದನೇ ಸಲಕ್ಕೆ ಮಾತ್ರ. ನೀರು ಬೇಗ ಮುಗಿಯದಿರಲಿ ಎಂಬ ಲೆಕ್ಕ ಅದು. ಎರಡನೇ, ಮೂರನೇ ಸಲ ಎಳೆದು ಏನೂ ಬರಲಿಲ್ಲ ಎಂದು ಒಳ್ಳೆಯ ಪಂಪನ್ನು ಬಿಚ್ಚಿ ಎಸೆದವರಿದ್ದಾರೆ. ಪ್ರತಿ ಪರೀಕ್ಷೆಗೂ ಮೊದಲು ಇಗ್ನಿಷನ್ ಆಫ್ ಮಾಡಿ ಮತ್ತೆ ಆನ್ ಮಾಡಿ. ಕೆಲವು ಮಾದರಿಗಳಿಗೆ ಬೇರೆಯೇ ಬಟನ್ ಇರುತ್ತದೆ, ಕಾರಿನ ಪುಸ್ತಕ ನೋಡಿಕೊಳ್ಳಿ. ಇನ್ನೊಬ್ಬರು ಲಿವರ್ ಎಳೆಯುವಾಗ ಬಂಪರಿನ ಎದುರು ಮುಖ ಇಟ್ಟುಕೊಂಡು ಬಗ್ಗಿ ನೋಡಬೇಡಿ. ನಾಜಲ್ ಮುನ್ಸೂಚನೆಯಿಲ್ಲದೆ ರಪ್ಪನೆ ಹೊರಬರುತ್ತದೆ. ಸ್ವಲ್ಪ ಪಕ್ಕಕ್ಕೆ ನಿಂತು ಕಿವಿಗೊಡಿ. ಗಾಜಿನ ಪಂಪಿನ ಸದ್ದು ತೆಳುವಾದ ಕೊಂಯ್. ದೀಪದ ಪಂಪಿನದು ಗಡಸು, ಒಂದು ಸೆಕೆಂಡ್ ಮಾತ್ರ. ಸದ್ದು ಬಂದು ನೀರು ಬಂಪರಿನ ಕೆಳಗೆ ಸುರಿದರೆ ಪೈಪು ಬಿಟ್ಟಿದೆ. ಸದ್ದೇ ಇಲ್ಲದಿದ್ದರೆ ವಿದ್ಯುತ್ತಿನ ಕಡೆ ಹೋಗಬೇಕು.

ಟ್ಯಾಂಕು, ಪಂಪು, ಫ್ಯೂಸು

ಫ್ಯೂಸ್ ಬಾಕ್ಸಿನಲ್ಲಿ ಈ ಪಂಪಿಗೆ ಬಹುಪಾಲು ಕಾರುಗಳಲ್ಲಿ 20ರಿಂದ 30 ಆಂಪಿಯರ್ ಫ್ಯೂಸ್ ಇರುತ್ತದೆ. ಗಾಜಿನ ಪಂಪಿಗಿಂತ ಇದು ದೊಡ್ಡದು, ಕರೆಂಟೂ ಹೆಚ್ಚು ಎಳೆಯುತ್ತದೆ. ಹಳೆಯ ಕಾರುಗಳಲ್ಲಿ ಆ ಜಾಗ ಖಾಲಿ ಇರುವುದೇ ಹೆಚ್ಚು. ಸುಟ್ಟಿದ್ದಲ್ಲ, ಯಾರೋ ಕಿತ್ತಿದ್ದಾರೆ. ಪೈಪು ಒಡೆದು ನೀರು ಪೋಲಾಗುತ್ತಿತ್ತು, ದುರಸ್ತಿಗೆ ಬಂಪರ್ ಬಿಚ್ಚಬೇಕಿತ್ತು, ಫ್ಯೂಸ್ ಕಿತ್ತರೆ ಸದ್ಯಕ್ಕೆ ಸರಿಹೋಗುತ್ತದೆ ಎಂದು ಹಾಗೆ ಮಾಡಿರುತ್ತಾರೆ. ಖಾಲಿ ಜಾಗ ಕಂಡ ತಕ್ಷಣ ಹೊಸ ಫ್ಯೂಸ್ ಹಾಕಿ ಮುಗಿಯಿತು ಎನ್ನಬೇಡಿ. ಕಿತ್ತ ಕಾರಣ ಎಲ್ಲೋ ಕೆಳಗೆ ಇನ್ನೂ ಕಾಯುತ್ತಿರುತ್ತದೆ.

ಫ್ಯೂಸ್ ಸರಿ ಇದ್ದರೆ ರಿಲೇ, ಅಂದರೆ ಪಂಪಿಗೆ ಕರೆಂಟ್ ಬಿಡುವ ವಿದ್ಯುತ್ ಸ್ವಿಚ್ಚು, ನೋಡಬೇಕು. ಫೋಕ್ಸ್‌ವ್ಯಾಗನ್ ಬಳಗದ ವೈರಿಂಗ್ ನಕ್ಷೆಗಳಲ್ಲಿ ಈ ರಿಲೇಗೆ ಜೆ39 ಎಂದೂ ಪಂಪಿಗೆ ವಿ11 ಎಂದೂ ಗುರುತು ಇರುತ್ತದೆ. ಸ್ಕೋಡಾ ಲಾರಾ, ಆಕ್ಟೇವಿಯಾ, ಆಡಿ ಯಾವುದಕ್ಕಾದರೂ ನಕ್ಷೆ ತೆರೆದಾಗ ಈ ಎರಡನ್ನು ಹುಡುಕಿದರೆ ದಾರಿ ಬೇಗ ಸಿಗುತ್ತದೆ. ಇನ್ನೊಂದು ಮಾತು: ಕಾರಿನ ಕಂಪ್ಯೂಟರಿನಲ್ಲಿ ಹೆಡ್‌ಲೈಟ್ ವಾಷರ್ ಇದೆ ಎಂದು ಬರೆದಿರಬೇಕು. ಯಾರೋ ಅದನ್ನು ತೆಗೆದಿದ್ದರೆ ಫ್ಯೂಸು, ರಿಲೇ, ಪಂಪು ಎಲ್ಲ ಸರಿಯಿದ್ದರೂ ಕೆಲಸ ಮಾಡುವುದಿಲ್ಲ. ಅಂಥ ಸ್ಕೋಡಾಗಳಲ್ಲಿ ವಿಸಿಡಿಎಸ್ ಎಂಬ ತಪಾಸಣಾ ಸಾಧನ ಜೋಡಿಸಿ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಕೋಡಿಂಗ್ ಒಮ್ಮೆ ನೋಡಿಕೊಳ್ಳಬೇಕು.

ಪಂಪಿನವರೆಗೆ ಕರೆಂಟ್ ಬರುತ್ತಿದೆಯೇ ಎಂದು ತಿಳಿಯಲು ಮಲ್ಟಿಮೀಟರಿಗಿಂತ 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಕಟ್ಟಿ ಹಿಡಿಯುವುದು ಮೇಲು. ಪಂಪಿಗೆ ಕರೆಂಟ್ ಬರುವುದು ಒಂದು ಸೆಕೆಂಡಿನ ಆಸುಪಾಸು. ಅಗ್ಗದ ಡಿಜಿಟಲ್ ಮೀಟರ್ ಅಂಕಿ ತೋರಿಸುವುದರೊಳಗೆ ಅದು ಹೋಗಿರುತ್ತದೆ. ಬಲ್ಬು ಮಿನುಗಿದ್ದು ಕಣ್ಣಿಗೆ ಕಾಣುತ್ತದೆ. ಜೊತೆಗೆ, ತುಕ್ಕು ಹಿಡಿದ ಕನೆಕ್ಟರಿನಲ್ಲಿ ಮೀಟರ್ 12 ವೋಲ್ಟ್ ತೋರಿಸಿದರೂ ಅಷ್ಟು ಆಂಪಿಯರ್ ಹೊರುವ ಶಕ್ತಿ ಆ ವೈರಿಗೆ ಇರುವುದಿಲ್ಲ. ಬಲ್ಬು ಮಂಕಾಗಿ ಉರಿದರೆ ಅದೂ ಗೊತ್ತಾಗುತ್ತದೆ.

ಟ್ಯಾಂಕ್ ಸಾಮಾನ್ಯವಾಗಿ ಮುಂದಿನ ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರಿನ ಹಿಂದೆ ಅಡಗಿರುತ್ತದೆ. ಚಕ್ರ ಬಿಚ್ಚಿ, ಲೈನರಿನ ಟಿ20 ಅಥವಾ ಟಿ25 ಟಾರ್ಕ್ಸ್ ಸ್ಕ್ರೂಗಳನ್ನು ತೆಗೆದರೆ ಕೈ ಒಳಗೆ ಹೋಗುತ್ತದೆ. ಬರೀ ಗಾಜಿಗೆ ನೀರು ಕೊಡುವ ಟ್ಯಾಂಕ್ 3 ಲೀಟರಿನ ಆಸುಪಾಸು ಇದ್ದರೆ, ದೀಪಕ್ಕೂ ಕೊಡುವುದು 5 ಲೀಟರ್ ಮೇಲೆ ಹಿಡಿಯುತ್ತದೆ. ಪಂಪನ್ನು ಕಿತ್ತ ಕ್ಷಣ ಆ ನೀರೆಲ್ಲ ತೋಳಿನ ಮೇಲೆ ಸುರಿಯುತ್ತದೆ, ಕೆಳಗೆ ಬಕೆಟ್ ಇಡಿ. ಪಂಪ್ ಗ್ರಾಮೆಟ್ ಎಂಬ ರಬ್ಬರ್ ಉಂಗುರದಲ್ಲಿ ಒತ್ತಿ ಕೂತಿರುತ್ತದೆ, ಸ್ಕ್ರೂ ಇರುವುದಿಲ್ಲ. ಗ್ರಾಮೆಟ್ಟಿನ ಒಳಗಿನ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ: ಹಸಿರು ಪಾಚಿ, ಗಾಜಿಗೆಂದು ಸುರಿದ ಶಾಂಪೂವಿನ ಲೋಳೆ, ಇವೆರಡೂ ಸೇರಿ ಜಾಲರಿಯ ಕಣ್ಣುಗಳನ್ನು ಮುಚ್ಚಿರುತ್ತವೆ. ಹಳೆಯ ಟೂತ್‌ಬ್ರಷ್ ಸಾಕು. ವರ್ಷಗಟ್ಟಲೆ ಓಡದ ಪಂಪು ಒಳಗೆ ಹಿಡಿದುಕೊಂಡಿರಬಹುದು. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೀರಿನಲ್ಲಿ ಮುಳುಗಿಸಿಯೇ 12 ವೋಲ್ಟ್ ಬ್ಯಾಟರಿಗೆ ಎರಡು ಸೆಕೆಂಡ್ ಮುಟ್ಟಿಸಿ. ಪ್ಲಸ್-ಮೈನಸ್ ಅದಲುಬದಲಾದರೆ ತಿರುಗುತ್ತದೆ, ಆದರೆ ಒತ್ತಡ ಬರುವುದಿಲ್ಲ. ಅದನ್ನು ಪಂಪಿನ ದೋಷ ಅಂದುಕೊಳ್ಳಬೇಡಿ. ನೀರಿಲ್ಲದೆ ಓಡಿಸಿದರೆ ಸೀಲು ಸುಡುತ್ತದೆ. ಬರೀ ಗುಂಯ್ ಎಂದು ತಿರುಗದಿದ್ದರೆ ಹೊಸದು ತರಬೇಕು, ಇದನ್ನು ಬಿಚ್ಚಿ ರಿಪೇರಿ ಮಾಡುವಂತೆ ಕಟ್ಟಿರುವುದಿಲ್ಲ. ಮತ್ತೆ ಕೂರಿಸುವಾಗ ಗ್ರಾಮೆಟ್ಟಿಗೆ ಸೋಪಿನ ನೀರು ಸವರಿದರೆ ಸಲೀಸಾಗಿ ಇಳಿಯುತ್ತದೆ. ಎಂಜಿನ್ ಆಯಿಲ್, ಸೀಮೆಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಯಾವುದೂ ಬೇಡ. ಈ ರಬ್ಬರ್ ಖನಿಜ ತೈಲ ಕುಡಿದು ಉಬ್ಬುತ್ತದೆ.

ಪಂಪಿನಿಂದ ಹೊರಟ ಪೈಪು ಬಂಪರಿನ ಹಿಂದೆ ಒಂದು ಕಡೆ ಟೀ ಜಾಯಿಂಟಿನಲ್ಲಿ ಎರಡಾಗಿ ಒಡೆಯುತ್ತದೆ. ಅಪಾರ್ಟ್‌ಮೆಂಟ್ ನೆಲಮಾಳಿಗೆಯಲ್ಲಿ ನಿಲ್ಲುವ ಕಾರಾದರೆ ಇಲ್ಲಿ ಇಲಿಯ ಹಲ್ಲಿನ ಗುರುತು ಸಿಗುವ ಸಂಭವ ಬಹಳ. ಕಡಿದ ಜಾಗಕ್ಕೆ ಇನ್ಸುಲೇಷನ್ ಟೇಪು ಸುತ್ತಿದರೆ ನಿಲ್ಲುವುದಿಲ್ಲ, ಒಳಗಿನ ಒತ್ತಡ ಸುಮಾರು 3 ಬಾರ್ ಇರುತ್ತದೆ. ಹಾಳಾದ ತುಂಡು ಕತ್ತರಿಸಿ, ಅದೇ ಒಳ ಅಳತೆಯ ಪ್ಲಾಸ್ಟಿಕ್ ಜಾಯಿಂಟರ್ ಹಾಕಿ, ಎರಡೂ ಕಡೆ ಕ್ಲಿಪ್ ಬಿಗಿಯಬೇಕು. ಒಂದು ಕಡೆಯ ಸಿಲಿಂಡರ್ ಬರುವವರೆಗೆ ಆ ಪೈಪನ್ನು ತೆರೆದು ಬಿಡಲೂಬಾರದು. ಈ ಪಂಪು ಒಳಗೆ ರೆಕ್ಕೆ ತಿರುಗುವ ಬಗೆಯದು, ನಿಂತಾಗ ನೀರನ್ನು ತಡೆಯುವುದಿಲ್ಲ. ನೀರು ತಡೆಯುವುದು ಸಿಲಿಂಡರಿನ ಬುಡದ ವಾಲ್ವ್. ಅದಿಲ್ಲದ ಪೈಪಿನ ತುದಿ ಟ್ಯಾಂಕಿನ ಮಟ್ಟಕ್ಕಿಂತ ಕೆಳಗೆ ನೇತಾಡುತ್ತಿದ್ದರೆ ರಾತ್ರೋರಾತ್ರಿ ಟ್ಯಾಂಕ್ ತಾನಾಗಿ ಬರಿದಾಗುತ್ತದೆ. "ನೀರು ಹಾಕಿದರೆ ನಿಲ್ಲುವುದಿಲ್ಲ, ಟ್ಯಾಂಕ್ ತೂತಾಗಿದೆ" ಎಂದು ಬರುವ ಎಷ್ಟೋ ಕಾರುಗಳ ಕಥೆ ಇಷ್ಟೇ.

ಸಿಲಿಂಡರ್ ಎಂಬ ಬೆರಳುದ್ದದ ಪಿಚಕಾರಿ

ಕೈಯಲ್ಲಿ ಹಿಡಿದು ನೋಡಿದರೆ ಸರಳವಾದ ವಸ್ತು. ಹೊರಗೆ ಕಪ್ಪು ಪ್ಲಾಸ್ಟಿಕ್ ಕೊಳವೆ, ಒಳಗೆ ಇನ್ನೊಂದು ಸಣ್ಣ ಕೊಳವೆ, ಅದನ್ನು ಒಳಕ್ಕೆ ಎಳೆದು ಹಿಡಿಯುವ ಉದ್ದನೆಯ ಸ್ಪ್ರಿಂಗ್, ತುದಿಯಲ್ಲಿ ಎರಡು ಕಣ್ಣಿನ ನಾಜಲ್. ನೀರಿನ ಒತ್ತಡ ಮೊದಲು ಸಣ್ಣ ಕೊಳವೆಯನ್ನು ಹೊರಗೆ ದೂಡುತ್ತದೆ. ಪೂರ್ತಿ ಚಾಚಿ ನಿಂತ ಮೇಲೆ ವಾಲ್ವ್ ತೆರೆದು ನೀರು ಹಾರುತ್ತದೆ. ಪಂಪು ನಿಂತಾಗ ಒಳಗೆ ಉಳಿದ ಒತ್ತಡ ನಾಜಲ್ ಮೂಲಕವೇ ಇಳಿದು, ಸ್ಪ್ರಿಂಗ್ ಎಲ್ಲವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಮುಚ್ಚಳ ಬಂಪರಿನ ಮಟ್ಟಕ್ಕೆ ಬಂದು ಕೂರುತ್ತದೆ.

ಈಗ ಬೋರ್‌ವೆಲ್ ನೀರು ಕುಡಿದ ಸಿಲಿಂಡರೊಂದನ್ನು ಬೆಂಚಿನ ಮೇಲೆ ಇಟ್ಟು ನಾಜಲನ್ನು ಬೆರಳಿನಿಂದ ಹೊರಗೆ ಎಳೆಯಿರಿ. ಅರ್ಧದವರೆಗೆ ಬರುತ್ತದೆ, ಆಮೇಲೆ ಮರಳಿನ ಮೇಲೆ ಎಳೆದಂತೆ ಕರ್ ಕರ್ ಎನ್ನುತ್ತದೆ. ಒಳಗೊಳವೆಯ ಮೇಲೆ ಬಿಳಿಯ ಉಂಗುರಗಳು ಕಾಣುತ್ತವೆ, ಸ್ನಾನದ ಮನೆಯ ನಲ್ಲಿಯ ತುದಿಯಲ್ಲಿ ಕಟ್ಟುವಂಥದೇ ಸುಣ್ಣ. ಕೈ ಬಿಟ್ಟರೆ ನಾಜಲ್ ಒಳಗೆ ಹೋಗುವುದಿಲ್ಲ. ಒಂದಿಂಚು ಹೊರಗೇ ನಿಂತು, ತುಂಬ ಹೊತ್ತಿನ ಮೇಲೆ ಮೆಲ್ಲಗೆ ಜಾರುತ್ತದೆ ಅಥವಾ ಅಲ್ಲೇ ಉಳಿಯುತ್ತದೆ. ನಾಜಲಿನ ಎರಡು ಕಣ್ಣುಗಳಲ್ಲಿ ಒಂದು ಪೂರ್ತಿ ಮುಚ್ಚಿರುತ್ತದೆ, ಒತ್ತಡ ಇಳಿಯಲು ದಾರಿಯೂ ಕಮ್ಮಿ. ಮುಚ್ಚಳ ಯಾಕೆ ಬಿತ್ತು ಎಂಬುದಕ್ಕೆ ಉತ್ತರ ಈ ಒಂದಿಂಚಿನಲ್ಲಿದೆ. ನಾಜಲ್ ಪೂರ್ತಿ ಒಳಗೆ ಹೋಗದೆ ಮುಚ್ಚಳ ಬಂಪರಿನಿಂದ ಎದ್ದು ನಿಂತಿರುತ್ತದೆ. ಬೆಳಿಗ್ಗೆ ಕಾರು ಒರೆಸುವವರ ಬಟ್ಟೆ ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಅಂಚಿನ ಕೆಳಗೆ ನುಗ್ಗುತ್ತದೆ. ಹತ್ತು ವರ್ಷದ ಬಿಸಿಲು ಉಂಡು ಪೆಡಸಾದ ಕೊಕ್ಕೆ ಪಟಕ್ಕನೆ ಮುರಿಯುತ್ತದೆ. ಒರೆಸಿದವರನ್ನು ಬೈದು ಪ್ರಯೋಜನವಿಲ್ಲ.

ಸುಣ್ಣ ಮಾತ್ರ ಕಟ್ಟಿದ್ದರೆ ಸಿಲಿಂಡರನ್ನು ಉಳಿಸಬಹುದು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ನಾಜಲನ್ನು ಚಾಚಿ ಹಿಡಿಯುವಂತೆ ಬಟ್ಟೆ ಒಣಗಿಸುವ ಕ್ಲಿಪ್ ಸಿಕ್ಕಿಸಿ, ಎರಡು ಗಂಟೆ ಮುಳುಗಿಸಿಡಿ. ಗುಳ್ಳೆ ಏಳುವುದು ನಿಂತ ಮೇಲೆ ತೆಗೆದು, ಹತ್ತಿಪ್ಪತ್ತು ಸಲ ಒಳಗೆ-ಹೊರಗೆ ಆಡಿಸಿ, ಶುದ್ಧ ನೀರಿನಲ್ಲಿ ತೊಳೆಯಿರಿ. ಮನೆಯಲ್ಲಿ ವಿನೆಗರ್ ಇದ್ದರೆ ಅದೂ ಆಗುತ್ತದೆ, ನಿಧಾನ ಅಷ್ಟೆ. ನಾಜಲಿನ ಕಣ್ಣಿಗೆ ಸೂಜಿ ಚುಚ್ಚುವ ಆಸೆ ಎಲ್ಲರಿಗೂ ಆಗುತ್ತದೆ. ಒಳಗೆ ನೀರನ್ನು ಬೀಸಣಿಗೆಯಂತೆ ಹರಡುವ ಸೂಕ್ಷ್ಮ ಅಚ್ಚು ಇರುವ ನಾಜಲ್ ಆದರೆ ಸೂಜಿ ಅದನ್ನು ಕೆಡಿಸುತ್ತದೆ. ಆಮೇಲೆ ನೀರು ಒಂದೇ ಗೆರೆಯಾಗಿ ಹಾರುತ್ತದೆ. ಮತ್ತೆ ನೆನೆಸಿ, ಹಿಂದಿನಿಂದ ಸಿರಿಂಜಿನಲ್ಲಿ ನೀರು ತಳ್ಳುವುದೇ ಸರಿ. ಕೊನೆಗೆ ಒಳಗೊಳವೆಗೆ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ. ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ, ಕೊಳವೆಯಲ್ಲಿ ಕೂದಲೆಳೆಯ ಬಿರುಕಿದ್ದರೆ ಹೊಸದೇ ಬೇಕು. ಅಂಟು ಹಾಕಿದ ಸಿಲಿಂಡರ್ ಮೊದಲ ಒತ್ತಡಕ್ಕೇ ಬಿಚ್ಚಿಕೊಳ್ಳುತ್ತದೆ.

ಸರಿಯಾದ ಭಾಗ ಹುಡುಕುವುದು

ಎಡ ಬಲ ಬೇರೆ ಬೇರೆ. ಇದನ್ನು ಮರೆತು ಆರ್ಡರ್ ಮಾಡಿದವರು ಬಹಳ ಜನ. ಫೋಕ್ಸ್‌ವ್ಯಾಗನ್ ಬಳಗದಲ್ಲಿ ಭಾಗದ ಸಂಖ್ಯೆಯ ಕೊನೆಯ ಅಂಕಿ ಬೆಸವಾದರೆ ಎಡಗಡೆಯದು, ಸಮವಾದರೆ ಬಲಗಡೆಯದು. ಎಡ ಎಂದರೆ ಕಾರಿನೊಳಗೆ ಕೂತವರ ಎಡ, ಎದುರು ನಿಂತು ನೋಡುವವರದ್ದಲ್ಲ. ಸಂಖ್ಯೆಯ ಬಾಲದಲ್ಲಿ ಜಿಆರ್‌ಯು ಎಂದಿದ್ದರೆ ಪ್ರೈಮರ್ ಹಚ್ಚಿ ಬರುತ್ತದೆ, ಬಣ್ಣ ನಾವು ಹೊಡೆಸಬೇಕು. ಬಿಎಂಡಬ್ಲ್ಯೂ ಇ90 ಕಾರು 2008ರಲ್ಲಿ ಮುಖ ಬದಲಿಸಿತು. ಮುಂಚಿನದರ ಮುಚ್ಚಳ ನಂತರದ್ದಕ್ಕೆ ಆಗುವುದಿಲ್ಲ, ಎಂ-ಸ್ಪೋರ್ಟ್ ಬಂಪರಿನದು ಮತ್ತೂ ಬೇರೆ. ಹಾಗಾಗಿ ಕಾರಿನ ಹೆಸರು, ವರ್ಷ ಹೇಳಿದರೆ ಸಾಲದು. ಚಾಸಿಸ್ ನಂಬರಿನಿಂದ ಹುಡುಕಿ. ಬಂಪರ್ ಬದಲಾಗಿರುವ ಕಾರಾದರೆ ಅದೂ ಸಾಲದು, ತೂತಿನ ಉದ್ದಗಲ ಅಳೆದು ಫೋಟೋ ತೆಗೆದುಕೊಳ್ಳಿ.

ಹಳೆಯ ಸಾಮಾನಿಗೆ ಬೆಂಗಳೂರಿನವರು ಜೆ.ಸಿ. ರಸ್ತೆ, ಶಿವಾಜಿನಗರ ಸುತ್ತುತ್ತಾರೆ. ಚೆನ್ನೈಯ ಪುದುಪೇಟೆ, ಮುಂಬೈಯ ಕುರ್ಲಾ, ದೆಹಲಿಯ ಮಾಯಾಪುರಿಯ ಗುಜರಿಗಳಲ್ಲೂ ಯುರೋಪಿನ ಕಾರುಗಳ ಬಂಪರ್ ಇಡಿಯಾಗಿ ಸಿಗುತ್ತವೆ. ಗುಜರಿಯಲ್ಲಿ ಮುಚ್ಚಳ ಮಾತ್ರ ಕೊಳ್ಳುವುದಕ್ಕಿಂತ ಮುಚ್ಚಳ, ಸಿಲಿಂಡರ್, ಅದನ್ನು ಹಿಡಿಯುವ ಬ್ರಾಕೆಟ್, ಒಂದು ಗೇಣು ಪೈಪು ಮತ್ತು ಅದರ ತುದಿಯ ಕ್ಲಿಪ್ ಕನೆಕ್ಟರ್ ಒಟ್ಟಿಗೆ ಕೇಳಿ. ಪೈಪನ್ನು ಕನೆಕ್ಟರಿನ ಹತ್ತಿರ ಕತ್ತರಿಸಿಕೊಟ್ಟರೆ ನಿಮ್ಮ ಕಾರಿನ ಪೈಪಿಗೆ ಸೇರಿಸುವುದು ಕಷ್ಟ. ಮುಚ್ಚಳದ ಒಳಮೈಯ ಕೊಕ್ಕೆಗಳನ್ನು ಎಣಿಸಿ. ಉಗುರಿನಿಂದ ಒತ್ತಿದಾಗ ಕೊಕ್ಕೆ ಬಾಗಿ ಮರಳಬೇಕು. ಬುಡದಲ್ಲಿ ಬಿಳಿ ಗೆರೆ ಕಂಡರೆ ಬಿಟ್ಟುಬಿಡಿ. ಬೇರೆ ಕಂಪನಿಯ ಅಗ್ಗದ ಮುಚ್ಚಳ ನೋಟಕ್ಕೆ ಒಂದೇ ಥರ ಇದ್ದರೂ ಬಂಪರಿನ ಬಾಗಿಗೆ ಹೊಂದದೆ ಒಂದು ಮೂಲೆ ಎದ್ದಿರುವುದುಂಟು. ಸಿಲಿಂಡರ್ ವಿಷಯದಲ್ಲಿ ಮೂಲ ತಯಾರಕರದೇ ಇರಲಿ. ಪಂಪ್ ಹಾಗಲ್ಲ, ಕನೆಕ್ಟರ್ ಮತ್ತು ಕೂರುವ ಕುತ್ತಿಗೆಯ ಅಳತೆ ಸರಿಯಿದ್ದರೆ ಬೇರೆ ಕಂಪನಿಯದೂ ನಡೆಯುತ್ತದೆ.

ಬಣ್ಣದ ದಪ್ಪ

ಪೇಂಟಿಂಗ್ ಅಂಗಡಿಯಲ್ಲಿ ಇಷ್ಟು ಸಣ್ಣ ಸಾಮಾನು ಕೊಟ್ಟರೆ ಬೇರೆ ಕಾರಿನ ಕೆಲಸದ ನಡುವೆ ಒಂದು ಸುತ್ತು ಗನ್ ಹಾಯಿಸಿ ಕೊಡುತ್ತಾರೆ. ಬಣ್ಣ ಕಮ್ಮಿಯಾಯಿತೇನೋ ಎಂದು ಇನ್ನೆರಡು ಕೋಟ್ ಜಾಸ್ತಿ ಹೊಡೆಯುವುದೂ ಉಂಟು. ಕೆಡುವುದು ಅಲ್ಲೇ. ಮುಚ್ಚಳಕ್ಕೂ ಬಂಪರಿಗೂ ನಡುವಿನ ಸಂದು ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಇರುತ್ತದೆ, ಅಷ್ಟೆ. ಅಂಚಿನಲ್ಲಿ ಬಣ್ಣ ದಪ್ಪಗೆ ಕೂತರೆ ಮುಚ್ಚಳ ತೂತಿನ ಅಂಚಿಗೆ ಉಜ್ಜುತ್ತದೆ, ಪಂಪು ಒತ್ತಿದಾಗ ಕಚ್ಚಿಕೊಳ್ಳುತ್ತದೆ, ನಾಜಲ್ ಮುಂದೆ ಹೋಗಿ ಮುಚ್ಚಳ ಹಿಂದೆ ಉಳಿಯುತ್ತದೆ. ಹೊಸ ಮುಚ್ಚಳ ಹಾರಿಹೋಗಲು ಸುಣ್ಣದ ನಂತರದ ದೊಡ್ಡ ಕಾರಣ ಇದು.

ಆದ್ದರಿಂದ ಹೀಗೆ ಮಾಡಿಸಿ. ಬಣ್ಣಕ್ಕೆ ಕೊಡುವ ಮೊದಲೇ ಮುಚ್ಚಳವನ್ನು ಕಾರಿನ ಮೇಲೆ ಹಿಡಿದು ಸುತ್ತಲ ಸಂದು ಸಮ ಇದೆಯೇ ನೋಡಿ. ಪ್ರೈಮರ್ ಆಗಿ ಬಂದದ್ದಾದರೆ 800 ನಂಬರ್ ವಾಟರ್ ಪೇಪರಿನಲ್ಲಿ ಹಗುರಾಗಿ ಉಜ್ಜಿದರೆ ಸಾಕು. ಬರೀ ಕಪ್ಪು ಪ್ಲಾಸ್ಟಿಕ್ ಆದರೆ ಮೊದಲು ಪ್ಲಾಸ್ಟಿಕ್ ಪ್ರೈಮರ್ ಬೇಕೇಬೇಕು, ಇಲ್ಲದಿದ್ದರೆ ಆರು ತಿಂಗಳಲ್ಲಿ ಸಿಪ್ಪೆ ಏಳುತ್ತದೆ. ಒಳಮೈ ಮತ್ತು ಕೊಕ್ಕೆಗಳಿಗೆ ಮಾಸ್ಕಿಂಗ್ ಟೇಪ್ ಹಾಕಿ. ಬಣ್ಣ ಬಿದ್ದ ಕೊಕ್ಕೆ ಬಾಗುವುದಿಲ್ಲ. ಬಣ್ಣ ಎರಡು ತೆಳು ಕೋಟ್, ಕ್ಲಿಯರ್ ಎರಡು ತೆಳು ಕೋಟ್. ಬಣ್ಣದ ಕೋಡನ್ನು ಕಾರಿನ ಸ್ಟಿಕ್ಕರಿನಿಂದ ಕೊಡಿ, ಆದರೆ ಬಿಸಿಲಿಗೆ ಮಾಸಿದ ಹಳೆಯ ಬಂಪರಿಗೆ ಕೋಡಿನ ಬಣ್ಣ ಹೊಸದಾಗಿ ಎದ್ದು ಕಾಣುತ್ತದೆ. ಉಳಿದಿರುವ ಇನ್ನೊಂದು ಮುಚ್ಚಳವನ್ನು ಬಿಚ್ಚಿಕೊಟ್ಟು ಅದಕ್ಕೆ ಹೊಂದಿಸಲು ಹೇಳುವುದು ಉತ್ತಮ. ಒಂದು ಪೂರ್ತಿ ದಿನ ಒಣಗಲು ಬಿಡಿ.

ಕೂರಿಸುವಾಗ ನಾಜಲ್ ತಲೆಯನ್ನು ಬಟ್ಟೆ ಸುತ್ತಿದ ಬೆರಳಿನಿಂದ ನಿಧಾನ ಹೊರಗೆ ಎಳೆದು, ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಇನ್ನೊಂದು ಕೈಯಲ್ಲಿ ಮುಚ್ಚಳವನ್ನು ತಲೆಯ ಮೇಲೆ ಒತ್ತಿ. ಎರಡೂ ಕಡೆಯ ಕೊಕ್ಕೆ ಟಿಕ್ ಎನ್ನಬೇಕು. ಒಂದೇ ಟಿಕ್ ಕೇಳಿದರೆ ಇನ್ನೊಂದು ಕೂತಿಲ್ಲ. ಎಷ್ಟೋ ಜನ ಇಲ್ಲಿ ಕೈ ಬಿಟ್ಟುಬಿಡುತ್ತಾರೆ. ಸ್ಪ್ರಿಂಗ್ ರಪ್ಪನೆ ಎಳೆದು, ಹೊಸ ಬಣ್ಣದ ಅಂಚು ಬಂಪರಿಗೆ ಬಡಿದು ಚಕ್ಕೆ ಏಳುತ್ತದೆ. ಹಿಡಿದುಕೊಂಡೇ ಒಳಗೆ ಬಿಡಿ. ಮುಚ್ಚಳದ ಒಳಗಿನ ಕೊಕ್ಕೆಯ ಕುತ್ತಿಗೆಗೂ ನಾಜಲಿನ ಕುತ್ತಿಗೆಗೂ ಮೀನು ಹಿಡಿಯುವ ನೈಲಾನ್ ದಾರವನ್ನು ಸ್ವಲ್ಪ ಸಡಿಲವಾಗಿ ಕಟ್ಟಿದರೆ, ಮುಂದೆ ಯಾವಾಗಾದರೂ ಕೊಕ್ಕೆ ಬಿಟ್ಟರೂ ಮುಚ್ಚಳ ರಸ್ತೆಗೆ ಬೀಳದೆ ನೇತಾಡುತ್ತದೆ. ದಾರ ನಾಜಲಿನ ಕಣ್ಣಿಗೆ ಅಡ್ಡ ಬರದಂತೆ ನೋಡಿಕೊಳ್ಳಿ.

ತೂತೇ ಇಲ್ಲದ ಬಂಪರ್

ಅಪಘಾತದ ನಂತರ ವಾಷರ್ ಇಲ್ಲದ ಮಾದರಿಯ ಬಂಪರ್ ಹಾಕಿದ ಕಾರುಗಳೂ ಇವೆ. ಹಲವು ಬಂಪರುಗಳ ಒಳಮೈಯಲ್ಲಿ ತೂತಿನ ಗೆರೆ ಅಚ್ಚಿನಲ್ಲೇ ಮೂಡಿರುತ್ತದೆ, ಅದನ್ನು ಅನುಸರಿಸಿ ಕತ್ತರಿಸಬಹುದು. ಗೆರೆ ಇಲ್ಲದಿದ್ದರೆ ಅಳತೆ ಟೇಪು ನಂಬಿ ಡ್ರಿಲ್ ಹಿಡಿಯಬೇಡಿ. ಅದೇ ಮಾದರಿಯ ತೂತಿರುವ ಬಂಪರಿನ ಮೇಲೆ ದಪ್ಪ ಕಾಗದ ಒತ್ತಿ ಅಚ್ಚು ತೆಗೆದುಕೊಳ್ಳಿ, ಹೆಡ್‌ಲೈಟಿನ ಅಂಚು ಮತ್ತು ನಂಬರ್ ಪ್ಲೇಟಿನ ತಿರುಪುಗಳನ್ನು ಗುರುತಾಗಿ ಹಿಡಿಯಿರಿ. ಗೆರೆಗಿಂತ 2 ಮಿಲಿಮೀಟರ್ ಒಳಗೆ ಕತ್ತರಿಸಿ ಉಳಿದದ್ದನ್ನು ಅರದಿಂದ ಉಜ್ಜಿ ಸರಿಮಾಡಿ. ಸಿಲಿಂಡರ್ ಹಿಡಿಯುವ ಬ್ರಾಕೆಟ್ ಕೂರಲು ಆ ಬಂಪರಿನಲ್ಲಿ ಆಸರೆ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕುವುದೇ ಬೇಡ. ಅಲುಗಾಡುವ ಸಿಲಿಂಡರ್ ಬೇಕಾದ ಜಾಗಕ್ಕೆ ಎಂದೂ ನೀರು ಹೊಡೆಯುವುದಿಲ್ಲ. ಗುಜರಿಯಿಂದ ಸರಿಯಾದ ಬಂಪರ್ ತಂದು ಬಣ್ಣ ಹೊಡೆಸುವುದೇ ಮೇಲು.

ನೀರು ತುಂಬಿ

ಟ್ಯಾಂಕಿಗೆ ಬೋರ್‌ವೆಲ್ ನೀರು ಬೇಡ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಥವಾ ಮನೆಯ ಆರ್‌ಒ ನೀರು, ಅದಕ್ಕೆ ವಾಷರ್ ದ್ರವದ ಬಾಟಲಿಯ ಮೇಲೆ ಹೇಳಿದಷ್ಟು ಅಳತೆಯಲ್ಲಿ ಬೆರೆಸಿದ ದ್ರವ, ಅಷ್ಟೇ. ಪಾಲಿಕಾರ್ಬೊನೇಟಿಗೆ ಆಗುವಂಥದು ಎಂದು ಬಾಟಲಿಯ ಮೇಲೆ ಬರೆದಿರಬೇಕು. ತಲೆಗೆ ಹಾಕುವ ಶಾಂಪೂ, ಪಾತ್ರೆ ಸೋಪು ಬೇಡ. ಮಳೆಗಾಲ ಇರಲಿ ಬಿಡಲಿ, ಎರಡು ವಾರಕ್ಕೊಮ್ಮೆ ದೀಪ ಹಾಕಿ ಲಿವರ್ ಎಳೆದರೆ ಪಂಪೂ ಹಿಡಿಯುವುದಿಲ್ಲ, ಕೊಳವೆಯೂ ಕಚ್ಚುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ಮೊದಲ ನಾಲ್ಕೈದು ಸಲ ನಾಜಲ್ ಸೋಮಾರಿಯಂತೆ ಏಳುತ್ತದೆ, ನೀರು ಕೆಮ್ಮಿದ ಹಾಗೆ ಬರುತ್ತದೆ. ಪೈಪಿನಲ್ಲಿ ಗಾಳಿ ಇದೆ, ಹೋಗಲು ಬಿಡಿ. ಆಮೇಲೆ ಎರಡೂ ಕಡೆ ಒಟ್ಟಿಗೆ ಏಳಬೇಕು, ಒಟ್ಟಿಗೆ ಇಳಿಯಬೇಕು. ಒಂದು ತಡವಾಗಿ ಎದ್ದರೆ ಆ ಕಡೆಯ ಪೈಪು ಎಲ್ಲೋ ಮಡಚಿಕೊಂಡಿದೆ. ಒಂದು ತಡವಾಗಿ ಇಳಿದರೆ ಆ ಸಿಲಿಂಡರಿನಲ್ಲಿ ಇನ್ನೂ ಸುಣ್ಣ ಇದೆ. ನೀರು ಎಲ್ಲಿ ಬೀಳುತ್ತಿದೆ ಎಂದು ನೋಡಲು ಒಣಗಿದ ದೀಪದ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ತೆಳ್ಳಗೆ ಉದುರಿಸಿ ಒಮ್ಮೆ ಲಿವರ್ ಎಳೆಯಿರಿ. ತೊಳೆದುಹೋದ ಜಾಗ ಪ್ರೊಜೆಕ್ಟರ್ ಗೋಳದ ಎದುರಿಗೇ ಇರಬೇಕು, ಇಂಡಿಕೇಟರಿನ ಮೇಲಲ್ಲ. ಕಣ್ಣು ತಿರುಗಿಸಬಹುದಾದ ನಾಜಲ್ ಆದರೆ ಪಿನ್ನಿನ ತುದಿಯಿಂದ ಕೂದಲೆಳೆಯಷ್ಟು ತಿರುಗಿಸಿ ಮತ್ತೆ ನೋಡಿ. ಬಳಿಕ ಟ್ಯಾಂಕ್ ತುಂಬಿಸಿ, ನೀರಿನ ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಎಳೆದು, ಚಕ್ರದ ಲೈನರನ್ನು ಹಾಗೇ ಸಡಿಲ ಬಿಟ್ಟು ರಾತ್ರಿ ಕಳೆಯಲಿ. ಬೆಳಿಗ್ಗೆ ನೀರು ಗೆರೆಯಲ್ಲೇ ನಿಂತಿದ್ದರೆ ಲೈನರಿನ ಸ್ಕ್ರೂಗಳನ್ನು ಬಿಗಿ ಮಾಡಬಹುದು.